ಚೆನ್ನಾಗಿದ್ದೀನಿ ಎನ್ನುವವರ ಚಳಿಗಾಲ

ಮೊನ್ನೆ ಭಾನುವಾರ ಎದುರು ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದರು. ಪೇಂಟರ್ ಡಬ್ಬಿಯ ಮುಚ್ಚಳ ತೆಗೆದು ತಿನ್ನರ್ ಸುರಿದಿದ್ದೇ ತಡ, ವಾಸನೆ ರಸ್ತೆ ದಾಟಿ ನಮ್ಮ ಅಡುಗೆಮನೆಗೇ ಬಂತು. ನಾನು ಹಿಟ್ಟಿನ ಕೈಯಲ್ಲೇ ಓಡಿ ಕಿಟಕಿ ಮುಚ್ಚಿದೆ, ಬಾಗಿಲು ಮುಚ್ಚಿದೆ. ತಿರುಗಿ ನೋಡಿದರೆ ಇವರು ಸೋಫಾದ ಅಂಚಿನಲ್ಲಿ, ಎರಡೂ ಅಂಗೈಗಳನ್ನು ಮಂಡಿಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದರು. ಹಾಗೆ ಕೂತರೆ ಉಸಿರಿಗೆ ಸ್ವಲ್ಪ ದಾರಿ ಸಿಗುತ್ತದೆ.

“ಹೆಂಗ ಅನ್ಸಾಕತ್ತೈತ್ರೀ?” ಎಂದೆ.

ಇವರು ಒಂದು ಕೈ ಎತ್ತಿ, ತಡಿ ಎನ್ನುವಂತೆ ಸನ್ನೆ ಮಾಡಿದರು. ಇವರಿಂದ ಉತ್ತರ ಬರಬೇಕಾದರೆ ಮೊದಲು ಉಸಿರು ಬರಬೇಕು. ನಾನು ಅಲ್ಲೇ ನಿಂತೆ. ಹಾಗೆ ನಿಂತಿರುವಾಗಲೇ ಆ ಚಳಿಗಾಲ, ತಿನ್ನರ್ ವಾಸನೆಯಿಂದ ಶುರುವಾಗಿದ್ದ ಆ ಚಳಿಗಾಲ, ನೆನಪಿಗೆ ಬಂತು.

ಆಗ ನಾವು ಹುಣಸಮಾರನಹಳ್ಳಿಯ ಈ ಮನೆಗೆ ಬಂದಿರಲಿಲ್ಲ. ಯಲಹಂಕದ ಕಡೆಯ ಅಗ್ನಿಶಾಮಕ ಠಾಣೆಯೊಂದರ ಹಿಂದೆ, ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೆವು. ನಾವಿಬ್ಬರೂ ಬಾಗಲಕೋಟೆ ಕಡೆಯವರು. ಇವರು, ಅಂದರೆ ಸಂಗಪ್ಪ, ಬೆಂಕಿ ಆರಿಸುವ ನೌಕರಿ ಸಿಕ್ಕಿ ಬೆಂಗಳೂರಿಗೆ ಬಂದವರು. ನಾನು ಇವರ ಕೈ ಹಿಡಿದು ಬಂದವಳು. ಆಮೇಲೆ ನನಗೂ ದೊಡ್ಡಬಳ್ಳಾಪುರ ರಸ್ತೆಯ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕಿಯ ಕೆಲಸ ಸಿಕ್ಕಿತು. ನಾನು ದಿನವಿಡೀ ಬರ್ನರ್ ಹಚ್ಚಿಸುವವಳು, ಇವರು ಊರವರ ಬೆಂಕಿ ಆರಿಸುವವರು. ಜೋಡಿ ಸರಿಯಾಗೇ ಇದೆ ಎಂದು ಕ್ವಾರ್ಟರ್ಸ್‌ನ ಹೆಂಗಸರು ನಗುತ್ತಿದ್ದರು.

ಆ ಕ್ವಾರ್ಟರ್ಸ್‌ನಲ್ಲಿ ದೀಪಾವಳಿ ದೀಪಾವಳಿಯಂದು ಬರುತ್ತಿರಲಿಲ್ಲ. ಊರೆಲ್ಲ ಪಟಾಕಿ ಹೊಡೆಯುವ ದಿನಗಳಲ್ಲಿ ನಮ್ಮ ಗಂಡಸರು ಗಾಡಿಯಿಂದ ಇಳಿಯುವುದೇ ಅಪರೂಪ. ಗುಜರಿ ಅಂಗಡಿ, ಹುಲ್ಲಿನ ಬಣವೆ, ಯಾರದೋ ಮನೆಯ ತಾರಸಿ. ಹಾಗಾಗಿ ನಾವು ಹಬ್ಬವನ್ನು ತುಳಸಿ ಪೂಜೆಯ ದಿನಕ್ಕೆ ತಳ್ಳಿಬಿಡುತ್ತಿದ್ದೆವು. ಅಂದು ಅಂಗಳದ ತುಂಬ ದೀಪ, ಎಲ್ಲರ ಮನೆಯ ಹೋಳಿಗೆ ಎಲ್ಲರ ಮನೆಗೆ. ಪಟಾಕಿ ಮಾತ್ರ ಒಂದೂ ಇಲ್ಲ. ಮಕ್ಕಳು ಕೇಳಿದರೆ, “ನಿಮ್ಮಪ್ಪ ಹೋದ ವಾರ ಪೂರ್ತಿ ಅದನ್ನೇ ನೋಡಿ ಬಂದಾರ” ಎನ್ನುತ್ತಿದ್ದೆವು.

ಆ ವರ್ಷ ತುಳಸಿ ಹಬ್ಬದ ಹಿಂದಿನ ದಿನ ಮಾಕಳಿಯ ಕಡೆ ಒಂದು ಗೋದಾಮಿಗೆ ಬೆಂಕಿ ಬಿತ್ತು. ಒಂದು ಭಾಗದಲ್ಲಿ ಬಣ್ಣ, ತಿನ್ನರ್. ಇನ್ನೊಂದು ಭಾಗದಲ್ಲಿ ಹಾಸಿಗೆಗೆ ತುಂಬುವ ಫೋಮು. ಸುತ್ತಲಿನ ಠಾಣೆಗಳ ಗಾಡಿಗಳೂ ಬಂದಿದ್ದವಂತೆ. ಉರಿಯುವಾಗ ಇವರೆಲ್ಲ ಮುಖಕ್ಕೆ ಮುಸುಕು ಹಾಕಿಕೊಂಡು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಒಳಗೆ ಹೋದರು. ಬೆಂಕಿ ಇವರನ್ನು ಏನೂ ಮಾಡಲಿಲ್ಲ. ಮಾಡಿದ್ದು ಆರಿದ ಬೆಂಕಿ. ಜ್ವಾಲೆ ಅಡಗಿದ ಮೇಲೆ ಫೋಮಿನ ರಾಶಿ ಒಳಗೊಳಗೇ ಹೊಗೆಯಾಡುತ್ತದೆ. ಅದನ್ನು ಕೊಕ್ಕೆಯಿಂದ ಎಳೆದು, ಬಿಡಿಸಿ, ಪದರ ಪದರಕ್ಕೂ ನೀರು ಕುಡಿಸಬೇಕು. ಅಷ್ಟು ಹೊತ್ತಿಗೆ ಸಿಲಿಂಡರುಗಳಲ್ಲಿ ಗಾಳಿ ಮುಗಿದಿರುತ್ತದೆ. ಬೆಂಕಿ ಆರಿತಲ್ಲ ಎಂದು ಎಲ್ಲರೂ ಮುಸುಕು ತೆಗೆದು, ಒದ್ದೆ ಟವೆಲ್ ಕಟ್ಟಿಕೊಂಡು ನಿಲ್ಲುತ್ತಾರೆ. ಮೊದಲಿಂದಲೂ ಹಾಗೆಯೇ ನಡೆದುಬಂದಿದೆ. ಇವರು ರಾಶಿಯ ನಡುವೆ ನಿಂತು ಮರುದಿನ ಸಂಜೆಯವರೆಗೂ ಎಳೆದರು.

ಇವರು ಮನೆಗೆ ಬಂದಾಗ ಅಂಗಳದಲ್ಲಿ ದೀಪ ಹಚ್ಚಿದ್ದೆವು. ಇವರ ಬಟ್ಟೆಯಿಂದ ಬಂದ ವಾಸನೆಗೆ ಊದುಬತ್ತಿಯ ವಾಸನೆ ಅಡಗಿಹೋಯಿತು. ಹೋಳಿಗೆಯ ತಟ್ಟೆ ಮುಂದಿಟ್ಟರೆ ಒಂದು ತುತ್ತು ಬಾಯಿಗಿಟ್ಟು, “ರುಚಿನ ಗೊತ್ತಾಗವಲ್ದು” ಎಂದು ಕೈ ತೊಳೆದರು. ಆಮೇಲೆ ಶುರುವಾದ ಕೆಮ್ಮು ನಿಲ್ಲಲಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತಾರಲ್ಲ, ಹಾಗೆ.

ಕಾರ್ತಿಕ ಮುಗಿದು ಚಳಿ ಜೋರಾಯಿತು. ಯಲಹಂಕದ ಚಳಿ ಊರೊಳಗಿನವರಿಗೆ ಗೊತ್ತಿಲ್ಲ. ಬೆಳಿಗ್ಗೆ ಮಂಜು ಕೆರೆಯ ಕಡೆಯಿಂದ ಎದ್ದು ಬಂದು ಠಾಣೆಯ ಕೆಂಪು ಗಾಡಿಗಳನ್ನೇ ಮುಚ್ಚಿಬಿಡುತ್ತಿತ್ತು. ಆ ಮಂಜಿನಲ್ಲಿ ಇವರು ಡ್ರಿಲ್ಲಿಗೆ ಹೋಗುತ್ತಿದ್ದರು. ಏಣಿ ಹತ್ತುವುದರಲ್ಲಿ ಸದಾ ಮುಂದಿರುತ್ತಿದ್ದವರು ಎರಡನೇ ಮೆಟ್ಟಿಲಿಗೇ ನಿಂತು ಕೈಗವಸು ಸರಿಮಾಡಿಕೊಳ್ಳುವ ನೆಪ ತೆಗೆಯುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಮುನಿರಾಜು.

ಮುನಿರಾಜು ಇವರ ಗಾಡಿಯ ಚಾಲಕ. ಅಟ್ಟೂರಿನಲ್ಲೇ ಹುಟ್ಟಿ ಬೆಳೆದವನು. ತಾನು ಚಿಕ್ಕವನಿದ್ದಾಗ ದನ ಮೇಯಿಸಿದ ಜಾಗದಲ್ಲೆಲ್ಲ ಈಗ ಬಡಾವಣೆ ಎದ್ದಿರುವುದನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಊಟ ಸೇರದು. ನನ್ನನ್ನು ಅಕ್ಕ ಎನ್ನುತ್ತಾನೆ. ಬೆಂಕಿಯ ಜಾಗದಲ್ಲಿ ಚಾಲಕನ ಕೆಲಸ ಗಾಡಿಯ ಬಳಿ ನಿಂತು ನೀರಿನ ಪಂಪು ನಡೆಸುವುದು. ಒಳಗೆ ಹೋದವರು ಹೊರಗೆ ಬರುವವರೆಗೂ ಅವನ ಕಣ್ಣು ಪೈಪಿನ ಮೇಲೆ.

“ಅಕ್ಕ, ಇವ್ನು ನಮ್ಮತ್ರ ಮುಚ್ಚಿಡ್ತಾವ್ನೆ. ನೀವ್ ಕರ್ಕೊಂಡ್ ಓಗಿ ತೋರಿಸ್ಬಿಡಿ. ಕೆಮ್ಮು ಇಂಗಿರಲ್ಲ,” ಎಂದ.

ಕರೆದುಕೊಂಡು ಹೋದೆ. ಎದೆ ರೋಗದ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಒಳಗಿನ ಸಣ್ಣ ನಾಳಗಳು ಹೊಗೆಗೆ ಹಾಳಾಗಿವೆ, ಈ ಒಂದು ಬೆಂಕಿಯದ್ದಷ್ಟೇ ಅಲ್ಲ, ಎಷ್ಟೋ ವರ್ಷದ್ದು ಸೇರಿದೆ, ಔಷಧಿಯಿಂದ ಇನ್ನಷ್ಟು ಕೆಡದಂತೆ ನೋಡಿಕೊಳ್ಳಬಹುದು, ಮೊದಲಿನಂತೆ ಮಾಡಲಾಗದು ಎಂದರು. ಬಾಯಿಂದ ಔಷಧಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಹೊರಗೆ ಬಂದ ಮೇಲೆ ಇವರು ಹೇಳಿದ್ದು ಒಂದೇ ಮಾತು. “ಸ್ಟೇಷನ್ನಾಗ ಹೇಳಬ್ಯಾಡ.”

ನಾನು ಹೇಳಿದೆ. ಇವರ ಮಾತು ಮೀರಿ ಠಾಣಾಧಿಕಾರಿಯ ಮುಂದೆ ಹೋಗಿ ಕೂತೆ. ಅವರು ಒಳ್ಳೆಯ ಮನುಷ್ಯ. ವೈದ್ಯಕೀಯ ಮಂಡಳಿಗೆ ಕಳಿಸೋಣ ಎಂದರು. ಕರ್ತವ್ಯದಿಂದಲೇ ಆದ, ವಾಸಿಯಾಗದ ತೊಂದರೆ ಎಂದು ಮಂಡಳಿ ಒಪ್ಪಿದರೆ ಇವರಿಗೆ ಕೂತು ಮಾಡುವ ಹುದ್ದೆ ಕೊಡುತ್ತಾರೆ, ದರ್ಜೆಯೂ ಸಂಬಳವೂ ಇಳಿಯುವುದಿಲ್ಲ. ಮುಂದೆ ಅದೂ ಆಗದಿದ್ದರೆ ಪಿಂಚಣಿ ಇದೆ. ಒಪ್ಪದಿದ್ದರೆ ಕಡತದ ಪ್ರಕಾರ ಇವರು ಗಟ್ಟಿ ಆಳು. ಗಂಟೆ ಬಾರಿಸಿದರೆ ಗಾಡಿ ಹತ್ತಲೇಬೇಕು, ಇಲ್ಲವೇ ರಜೆ ಸವೆಸಿ ಮನೆಯಲ್ಲಿ ಕೂರಬೇಕು. ಅತ್ತ ದರಿ, ಇತ್ತ ಪುಲಿ. ಎಲ್ಲವೂ ಡಾಕ್ಟರುಗಳ ಆ ಒಂದು ಮಾತಿನ ಮೇಲೆ ನಿಂತಿತ್ತು.

ಮಂಡಳಿಯ ದಿನ ಇವರು ಮಾಡಿದ್ದನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಮೈಯೆಲ್ಲ ಉರಿದಿತ್ತು. ವಾರ್ಷಿಕ ತಪಾಸಣೆಗೆ ಸಿದ್ಧವಾಗುವ ಹಾಗೆ ಸಿದ್ಧವಾದರು. ಸಮವಸ್ತ್ರಕ್ಕೆ ಗಂಜಿ ಹಾಕಿ ಇಸ್ತ್ರಿ, ಬಕಲ್ಲು ಹೊಳೆಯಲು ಬ್ರಾಸೋ, ಬೂಟಿಗೆ ಮುಖ ಕಾಣುವಷ್ಟು ಪಾಲಿಶ್. ಕ್ಷೌರ ಬೇರೆ. ಬೂಟು ಹಾಕಿಕೊಳ್ಳಲು ಬಗ್ಗಿದವರು ಮೇಲೇಳಲು ಆಗದೆ ಗೋಡೆ ಹಿಡಿದರು. ನಾನೇ ನೆಲಕ್ಕೆ ಕೂತು ಬೂಟು ತೊಡಿಸಿ ದಾರ ಕಟ್ಟಿದೆ. ಇಷ್ಟು ವರ್ಷ ಆ ಬೂಟುಗಳನ್ನು ಮಂಚದ ಪಕ್ಕ, ಮೂತಿ ಬಾಗಿಲ ಕಡೆ ಮಾಡಿ ಇಟ್ಟಿರುತ್ತಿದ್ದರು. ಗಂಟೆ ಕೇಳಿದರೆ ನಾನು ಕಣ್ಣು ಬಿಡುವಷ್ಟರಲ್ಲಿ ಬೂಟೂ ಇಲ್ಲ, ಇವರೂ ಇಲ್ಲ. ಅಂಥವರ ಪಾದ ಆ ಬೆಳಿಗ್ಗೆ ನನ್ನ ತೊಡೆಯ ಮೇಲಿತ್ತು. ನನಗೆ ಅಳು ಬಂತು, ಅದನ್ನು ದಾರ ಬಿಗಿಯುವ ನೆಪದಲ್ಲಿ ನುಂಗಿಕೊಂಡೆ.

ಆಸ್ಪತ್ರೆಯಲ್ಲಿ ಒಳಗೆ ಕರೆಯುವ ಮೊದಲು ಇವರು ಶೌಚಾಲಯಕ್ಕೆ ಹೋಗಿ ಪಂಪು ಎಳೆದುಕೊಂಡು ಬಂದರು. ಕೆಮ್ಮು ಬರಬಾರದಲ್ಲ, ಅದಕ್ಕೆ. ಉಸಿರಿನ ಬಲ ಅಳೆಯಲು ಊದಿಸುವ ಯಂತ್ರ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಅಂಕಿ ಕೊಟ್ಟಿತು. ಇನ್ನು ಉಳಿದದ್ದು ನಡಿಗೆ, ಮೆಟ್ಟಿಲು, ಮಾತು. ಮೆಟ್ಟಿಲು ಹತ್ತಿ ಎಂದದ್ದಕ್ಕೆ ಇವರು ಡ್ರಿಲ್ಲಿನ ಹಾಗೆ ಓಡಿಯೇ ಹತ್ತಿದರು. ಹೊಗೆಯಲ್ಲಿ ಸ್ವಲ್ಪ ಸ್ವಲ್ಪವೇ ಉಸಿರಾಡಿ ಹೊತ್ತು ತಳ್ಳುವುದು ಇವರಿಗೆ ಅಭ್ಯಾಸ. ಆಮೇಲೆ ಡಾಕ್ಟರಮ್ಮ, “ಏನ್ ತೊಂದ್ರೆ ಇದೆ ಹೇಳಿ,” ಎಂದು ಕೇಳಿದರಂತೆ. ಇವರು ಹಿಮ್ಮಡಿ ಕೂಡಿಸಿ, ಎದೆ ಸೆಟೆಸಿ ಹೇಳಿದ್ದು, “ಏನಿಲ್ಲ ಮೇಡಂ, ಚೆನ್ನಾಗಿದ್ದೀನಿ.”

ಹೊರಗೆ ಬಂದು ಬೆಂಚಿನ ಮೇಲೆ ಕುಸಿದರು. ತುಟಿ ನೀಲಿಯಾಗಿತ್ತು. ನಾನು ಬೆನ್ನು ತಿಕ್ಕುತ್ತಾ, ನಮ್ಮನ್ನು ಕಾರಿನಲ್ಲಿ ಕರೆತಂದಿದ್ದ ಮುನಿರಾಜು ನೀರು ಹಿಡಿದುಕೊಂಡು ನಿಂತಿರುವಾಗ ಮಂಡಳಿಯ ಮಾತು ಹೊರಗೆ ಬಂತು. ಸದ್ಯ ಕರ್ತವ್ಯಕ್ಕೆ ಯೋಗ್ಯ, ಯುಗಾದಿಯ ಹೊತ್ತಿಗೆ ಮತ್ತೊಮ್ಮೆ ಪರೀಕ್ಷೆ.

ದಾರಿಯುದ್ದಕ್ಕೂ ನಾನು ಬೈದೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಾಹನಗಳು ನಿಂತಿದ್ದರಿಂದ ಬೈಯಲು ಬೇಕಾದಷ್ಟು ಹೊತ್ತು ಸಿಕ್ಕಿತು. “ಡಾಕ್ಟರ್ ಮುಂದ ನಿಂತು ಚಲೋ ಅದೀನಿ ಅಂತೀರಲ್ಲ, ನಿಮ್ಮನ್ನ ಅಲ್ಲಿಗೆ ಕರಕೊಂಡು ಹೋಗಿದ್ದು ಯಾತಕ್ರೀ? ಸಲ್ಯೂಟ್ ಹೊಡ್ಯಾಕ?” ಇವರು ಕಿಟಕಿಯಾಚೆ ಕೆರೆ ನೋಡುತ್ತಿದ್ದರು. ಮುನಿರಾಜು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, ಹಾರ್ನ್ ಹೊಡೆದ.

ಠಾಣಾಧಿಕಾರಿ ಇವರನ್ನು ಫೋನಿನ ಮುಂದೆ ಕೂರಿಸಿದರು. ಕಡತದಲ್ಲಿ ಯೋಗ್ಯ ಎಂದಿದ್ದರೂ ಗಾಡಿ ಹತ್ತಲು ಬಿಡಲಿಲ್ಲ. ಅದು ಅವರ ದೊಡ್ಡತನ, ಆದರೆ ಎಷ್ಟು ದಿನ? ಒಂದು ಪಾಳಿಯಲ್ಲಿ ಜನ ಕಡಿಮೆ ಬಿದ್ದರೆ, ಅವರಿಗೆ ವರ್ಗವಾದರೆ? ಇವರಂತೂ ಗಂಟೆ ಬಾರಿಸಿದಾಗಲೆಲ್ಲ ಕುರ್ಚಿಯಿಂದ ಎದ್ದು ಗಾಡಿಯವರೆಗೂ ಹೋಗಿ, ಅದು ಹೊರಟ ಮೇಲೆ ವಾಪಸು ಬರುತ್ತಿದ್ದರು.

ಅವರೆಕಾಯಿ ಬಂತು, ಸಂಕ್ರಾಂತಿ ಮುಗಿಯಿತು. ಒಂದು ಮಧ್ಯಾಹ್ನ ಮುನಿರಾಜು ಚೀಲ ತುಂಬ ಸೊಗಡಿನ ಅವರೆ ತಂದು ಠಾಣೆಯ ಹಿಂದಿನ ಅಂಗಳದಲ್ಲಿ ಸುರಿದ. ಪೈಪು ಒಣಗಿಸಲೆಂದೇ ಅಲ್ಲಿ ಕಟ್ಟಿದ್ದ ಗೋಪುರದ ಮೇಲಿಂದ ನೀರಿನ ಪೈಪುಗಳನ್ನು ಇಳಿಬಿಟ್ಟಿದ್ದರು. ಅದರ ನೆರಳಲ್ಲಿ ನಾವು ಮೂವರೂ ಕಾಯಿ ಸುಲಿಯುತ್ತಾ ಕೂತೆವು. ಇದ್ದಕ್ಕಿದ್ದ ಹಾಗೆ ಮುನಿರಾಜು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ನನ್ನ ಓದುವ ಕನ್ನಡಕ ಕಿತ್ತುಕೊಂಡು ಮೂಗಿಗೇರಿಸಿದ.

“ಬಾ ಗುರು. ಶಾಲೆಗೆ, ಮಾಲ್‌ಗೆ, ಆಸ್ಪತ್ರೆಗೆ ಎಲ್ಲಾ ಅಣಕು ಡ್ರಿಲ್ ಮಾಡ್ತೀವಿ, ನಿಂಗೂ ಒಂದ್ ಮಾಡಾನ. ನಾನೇ ಡಾಕ್ಟ್ರು. ಸಂಗಪ್ಪನೋರೇ, ಏನ್ ತೊಂದ್ರೆ ಏಳಿ?”

“ಏನಿಲ್ಲ ಸರ್,” ಎಂದರು ಇವರು.

“ಥೂ ನಿನ್ನ. ಇನ್ನೊಂದ್ಸಲ. ಏನ್ ತೊಂದ್ರೆ?”

“ಸ್ವಲ್ಪ ಕೆಮ್ಮು ಸರ್. ಅಡ್ಡಿಯಿಲ್ಲ.”

“ಅಡ್ಡಿಯಿಲ್ಲ ಅಂದ್ರೆ ನಾನ್ ಬರಿಯೋದು ಫಿಟ್ ಅಂತಾನೇ. ಮುಂದಿನ್ ಪೇಷಂಟ್ ಬನ್ನಿ.”

ನಾನು ಮೊದಮೊದಲು ನಕ್ಕೆ. ಎಷ್ಟು ಸಲ ಕೇಳಿದರೂ ಇವರ ಬಾಯಿಂದ ಆಗುವುದಿಲ್ಲ ಎಂಬ ಮಾತು ಮಾತ್ರ ಬರಲಿಲ್ಲ. ಸುಳ್ಳು ಹೇಳಿ ಎಂದು ಯಾರೂ ಹೇಳುತ್ತಿರಲಿಲ್ಲ. ನಿಜ ಹೇಳಿ ಎಂದಷ್ಟೇ. ನನ್ನ ತಾಳ್ಮೆ ಮುಗಿಯಿತು. ಕೈಯಲ್ಲಿದ್ದ ಅವರೆಯನ್ನು ಬುಟ್ಟಿಗೆ ಎಸೆದು ಎದ್ದೆ.

“ನಾ ಸಾಯೋ ತನಕ ನಿಮ್ಮ ಬೂಟ್ ಕಟ್ತೀನ್ರೀ, ನನಗೇನ್ ಬ್ಯಾಸರಿಲ್ಲ. ಆದ್ರ ಒಂದಿನ ಆ ಬೂಟಿನ ಮ್ಯಾಲೆ ನೀವು ಬೆಂಕ್ಯಾಗ ಹೋಗಿ ಬರ್ಲಿಲ್ಲಂದ್ರ? ಒಮ್ಮೆ, ಒಂದಾ ಒಂದ್ ಸಲ, ಆಗೂದಿಲ್ಲ ಅಂತ ಹೇಳಾಕ ಏನಾಗೈತಿ ನಿಮಗ?”

ಇವರು ಬಹಳ ಹೊತ್ತು ಕಾಳು ಸುಲಿದರು. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದರು. “ಹಾಜರಿ ಒಳಗ ನಿಂತು ನಾ ಆಗೂದಿಲ್ಲ ಅಂದ್ರ, ಗಿರಿಜಾ, ನನ್ನ ಬದ್ಲಿ ಇನ್ನೊಬ್ಬಾಂವ ಒಳಗ ಹೋಗ್ತಾನ. ಅವಂಗೂ ಮನಿ ಐತಿ. ಅದಕ್ಕ ಆ ಮಾತು ಕಲೀಲಿಲ್ಲ.”

ಇಷ್ಟು ವರ್ಷ ಸಂಸಾರ ಮಾಡಿ, ಇವರು ಹಟಮಾರಿ, ಮೂಗಿನ ತುದಿಯಲ್ಲಿ ಮರ್ಯಾದೆ ಇಟ್ಟುಕೊಂಡವರು ಎಂದುಕೊಂಡಿದ್ದೆ. ಇದು ಮರ್ಯಾದೆಯ ಮಾತಾಗಿರಲಿಲ್ಲ.

ಮುನಿರಾಜು ಕನ್ನಡಕ ತೆಗೆದು ನನ್ನ ಕೈಗಿಟ್ಟ. ಅವನ ದನಿಯಲ್ಲಿ ತಮಾಷೆ ಹೋಗಿತ್ತು.

“ಗುರು, ನಾನ್ ಒರಗೇ ನಿಲ್ಲೋನು. ಒಳಗೆ ಓಗಿರೋರ್ನ ಎಣಿಸ್ಕೊಂಡು ನಿಂತಿರ್ತೀನಿ, ಗೊತ್ತಲ್ಲ? ಮೊದ್ಲು ನೀನ್ ಆಗಲ್ಲ ಅಂದಿದ್ರೆ ಒಬ್ಬ ಓಗ್ಬೇಕಿತ್ತು. ಈಗ ನೀನ್ ಆಯ್ತದೆ ಅಂತ ಒಳಗೆ ಓದ್ರೆ, ನಿನ್ನ ಎತ್ಕೊಂಡ್ ಬರಕ್ಕೆ ಇಬ್ರು ಓಗ್ಬೇಕು. ಅವ್ರಿಗೂ ಮನೆ ಐತೆ.”

ಇವರು ತಲೆ ಎತ್ತಿ ಅವನನ್ನು ನೋಡಿದರು. ಗಾಳಿಗೆ ಪೈಪುಗಳು ಗೋಪುರಕ್ಕೆ ಬಡಿಯುತ್ತಿದ್ದವು. ಆ ದಿನದಿಂದ ಗಂಟೆ ಬಾರಿಸಿದಾಗ ಇವರು ಕುರ್ಚಿಯಿಂದ ಏಳಲಿಲ್ಲ. ಬಲಗೈಯಲ್ಲಿ ಕುರ್ಚಿಯ ಕೈ ಹಿಡಿದು ಕೂತಿರುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ ಎರಡನೇ ಸಲ ಕರೆ ಬಂತು. ಚಳಿ ಹೋಗಿ ಹೊಂಗೆ ಚಿಗುರಿತ್ತು. ಸಮವಸ್ತ್ರ ಬೇಡ ಎಂದೆ, ಇವರು ಒಪ್ಪಿದರು. ಸಾದಾ ಅಂಗಿ, ಕಾಲಿಗೆ ಚಪ್ಪಲಿ. ಹೊರಡುವಾಗ ಪಂಪನ್ನು ಜೇಬಿನಿಂದ ತೆಗೆದು ನನ್ನ ಚೀಲಕ್ಕೆ ಹಾಕಿದರು. “ನೀ ಇಟ್ಕೊ. ಒಳಗ ಹೋಗಿ ಬಂದ ಮ್ಯಾಲೆ ಕೊಡು.” ಈ ಸಲ ಊದುವ ಯಂತ್ರಕ್ಕೆ ಇವರ ನಿಜವಾದ ಉಸಿರು ಸಿಕ್ಕಿತು. ಮೆಟ್ಟಿಲಿನ ನಡುವೆ ಇವರು ನಿಂತರು, ಪಕ್ಕದ ಕಂಬಿ ಹಿಡಿದರು, ಯಾರು ನೋಡುತ್ತಿದ್ದಾರೆ ಎಂದು ತಿರುಗಿ ನೋಡಲಿಲ್ಲ.

ಒಳಗೆ ಅದೇ ಡಾಕ್ಟರಮ್ಮ. ಈ ಸಲ ಮನೆಯವರೂ ಬನ್ನಿ ಎಂದು ನನ್ನನ್ನೂ ಕರೆದರು. “ಕೂತ್ಕೊಳಿ ಸಂಗಪ್ಪ. ಹೇಗಿದ್ದೀರಿ?” ಎಂದರು.

ಇವರು ಕೂರಲಿಲ್ಲ. ಹಳೆಯ ಅಭ್ಯಾಸ, ಚಪ್ಪಲಿಯ ಹಿಮ್ಮಡಿಗಳೇ ತಾವಾಗಿ ಕೂಡಿಕೊಂಡವು, ಎದೆ ಸೆಟೆಯಿತು. “ಚೆನ್ನಾಗಿ...” ಎಂದರು. ಅಲ್ಲೇ ನಿಂತರು. ಉಸಿರು ಸಾಲದೆ ನಿಂತರೋ, ಮಾತು ಸಾಲದೆ ನಿಂತರೋ. ಡಾಕ್ಟರಮ್ಮ ಕಾದರು. ಅವರು ಕಾದದ್ದಕ್ಕೆ ನಾನು ಇವತ್ತಿಗೂ ಋಣಿ.

“ಹೋದ ಸಲ ಬೂಟ್ ಹಾಕ್ಕೊಂಡು ಬಂದಿದ್ದೆ, ಮೇಡಂ,” ಎಂದರು ಇವರು, ಪ್ರತಿ ಮಾತಿನ ನಡುವೆ ಗಾಳಿ ತೆಗೆದುಕೊಳ್ಳುತ್ತಾ. “ನೀವು ನೋಡಿದ್ರಿ. ಪಾಲಿಶ್ ಚಲೋ ಇತ್ತು. ಅದನ್ನ ಕಟ್ಟಿದ್ದು ನಾನಲ್ಲ, ಇಕಿ. ನನಗ ಬಗ್ಗಾಕ ಬರೂದಿಲ್ಲ. ಬಗ್ಗಿದ್ರ ಉಸಿರು ನಿಲ್ತೈತಿ. ಬೂಟ್ ಕಟ್ಟಾಕ ಆಗದಾಂವ ಬೆಂಕ್ಯಾಗ ಹೋಗಬಾರ್ದು, ಮೇಡಂ. ನನ್ನಿಂದ... ಆಗೂದಿಲ್ಲ.”

ಹೇಳಿ ಮುಗಿಸಿ ಕುರ್ಚಿಯಲ್ಲಿ ಕೂತರು. ಡಾಕ್ಟರಮ್ಮ ಮೇಜಿನಾಚೆಯಿಂದ ಇವರ ಚಪ್ಪಲಿ ಕಾಲುಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. “ಇದನ್ನ ಹೋದ ಸಲಾನೇ ಹೇಳ್ಬಾರ್ದಿತ್ತಾ?” ಎಂದರು ಅವರು, ಬಹಳ ಮೆತ್ತಗೆ. ಹೊರಗೆ ಬಂದು ಅದೇ ಬೆಂಚಿನ ಮೇಲೆ ಪಂಪು ಕೊಟ್ಟೆ. ಎಳೆದುಕೊಂಡು, ಕಣ್ಣು ಒರೆಸಿಕೊಂಡರು. ಆ ಕಣ್ಣೀರು ಕೆಮ್ಮಿನದಲ್ಲ ಎಂದು ನನಗೂ ಗೊತ್ತಿತ್ತು, ಹೊರಗೆ ಕಾದಿದ್ದ ಮುನಿರಾಜುವಿಗೂ ಗೊತ್ತಿತ್ತು. ಅವನು ಎಳನೀರು ತರುತ್ತೇನೆಂದು ಎದ್ದು ಹೋದ.

ಬೇಸಿಗೆಯಲ್ಲಿ ಆದೇಶ ಬಂತು. ಕರ್ತವ್ಯದಿಂದಾದ ಶಾಶ್ವತ ತೊಂದರೆ. ಕಂಟ್ರೋಲ್ ರೂಮಿನಲ್ಲಿ, ಕರೆ ತೆಗೆದುಕೊಳ್ಳುವ ಜಾಗದಲ್ಲಿ, ಅದೇ ದರ್ಜೆಯಲ್ಲಿ ಕೆಲಸ. ನಾನು ಆದೇಶವನ್ನು ದೇವರ ಮುಂದಿಟ್ಟೆ. ಇವರು ಬೂಟುಗಳಿಗೆ ಕೊನೆಯ ಸಲ ಪಾಲಿಶ್ ಹಾಕಿ, ದಾರ ಬಿಚ್ಚಿ, ಅಟ್ಟದ ಮೇಲಿಡಲು ನನ್ನ ಕೈಗೆ ಕೊಟ್ಟರು. ಮೂರು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಸಿಕ್ಕ ನೆಮ್ಮದಿಗೆ ಖುಷಿಪಡುವುದಕ್ಕೂ ಮನುಷ್ಯನಿಗೆ ಹೊತ್ತು ಬೇಕು.

ಕಂಟ್ರೋಲ್ ರೂಮಿನಲ್ಲಿ ಇವರು ಹೇಗಿದ್ದಾರೆ ಎಂಬುದು ಗೊತ್ತಾದದ್ದೂ ಮುನಿರಾಜುವಿನಿಂದಲೇ. ಆರ್.ಟಿ. ನಗರದ ಒಂದು ಮನೆಯಲ್ಲಿ ಗ್ಯಾಸ್ ಸೋರಿತ್ತಂತೆ. ಇವನ ಗಾಡಿ ಹೋಗುವಷ್ಟರಲ್ಲಿ ಆ ಮನೆಯ ಅಜ್ಜಿ ಸಿಲಿಂಡರ್ ಬಂದ್ ಮಾಡಿ, ಕಿಟಕಿ ತೆರೆದು, ಗೇಟಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಇವನನ್ನು ಕರೆದು, “ಫೋನಲ್ಲಿ ಒಬ್ಬರು ಮಾತಾಡಿದ್ರಲ್ಲಪ್ಪ, ಎಷ್ಟು ನಿಧಾನ. ಒಂದೊಂದೇ ಮಾತು, ಬಿಡಿಸಿ ಬಿಡಿಸಿ. ಅವರ ದನಿ ಕೇಳಿದ ಮೇಲೆ ನನ್ನ ಗಾಬರಿ ಎಲ್ಲಾ ಹೋಯ್ತು,” ಎಂದರಂತೆ.

“ಅಕ್ಕ, ನಾನ್ ಏನ್ ಏಳ್ಳಿ ಅವ್ರಿಗೆ? ಇವ್ನಿಗೆ ಉಸಿರಿಲ್ಲ, ಅದಕ್ಕೆ ನಿಧಾನ ಅಂತ ಏಳಕ್ಕಾಯ್ತದಾ? ಊಂ ಅಮ್ಮ, ನಮ್ಮೋರೇ ಅಂದೆ,” ಎಂದು ಮುನಿರಾಜು ನಮ್ಮ ಹೊಸಿಲ ಮೇಲೆ ಕೂತು ನಕ್ಕ. ನಕ್ಕು ಮುಗಿದ ಮೇಲೆ ಮೂಗು ಒರೆಸಿಕೊಂಡ. ಇವರು ಕೇಳಿಸದವರ ಹಾಗೆ ಪತ್ರಿಕೆ ಮಗುಚಿದರು. ಅಂದು ಮಾತ್ರ ಎರಡು ರೊಟ್ಟಿ ಹೆಚ್ಚು ಉಂಡರು.

ಇವೆಲ್ಲ ನೆನಪಾಗಿ ನಾನು ಹಿಟ್ಟಿನ ಕೈಯಲ್ಲಿ ನಿಂತೇ ಇದ್ದೆ. ಎದುರು ಮನೆಯ ಪೇಂಟರ್ ರೇಡಿಯೋ ಹಚ್ಚಿದ್ದ. ಇವರು ಕೈ ಇಳಿಸಿದರು. ಕತ್ತಿನ ನರಗಳು ಸಡಿಲವಾದವು. ನನ್ನ ಪ್ರಶ್ನೆಗೆ ಉತ್ತರ ಬಂತು.

“ಇವತ್ತ... ಚಲೋ ಇಲ್ಲ, ಗಿರಿಜಾ.”

ಹೊರಗಿನವರು ಕೇಳಿದರೆ ಇದರಲ್ಲಿ ಏನಿದೆ ಎಂದಾರು. ನಾನು ಒಂದು ಇಡೀ ಚಳಿಗಾಲ ಜಗಳವಾಡಿ ಗಳಿಸಿದ ಮಾತು ಅದು. ಇವರು ಬೇರೆ ಯಾರಿಗೂ ಇದನ್ನು ಹೇಳುವುದಿಲ್ಲ. ಕೇಳಿದವರಿಗೆಲ್ಲ ಇಂದಿಗೂ ಚೆನ್ನಾಗಿದ್ದೀನಿ ಎಂದೇ ಉತ್ತರ. ಚಲೋ ಇಲ್ಲ ಎನ್ನುವುದು ನನಗೊಬ್ಬಳಿಗೆ.

ಪಂಪು ತಂದುಕೊಟ್ಟು ಅಡುಗೆಮನೆಯ ಕಡೆ ಹೊರಟೆ. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು.

“ಇಲ್ಲೇ ಕುಂದ್ರು ಸ್ವಲ್ಪ,” ಎಂದರು.

ಒಲೆ ಆರಿಸಿ ಬಂದು ಕೂತೆ.